ನಾಲ್ಕು ತಿಂಗಳ ನಿಜ ಡಾಕ್ಟರು

ಅಮೆರಿಕದಲ್ಲಿ ಈ ಜೀವಿ ಹುಟ್ಟುವುದು ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ. ಅಂದು ಮ್ಯಾಚ್ ಡೇ. ಹೊಸ ವೈದ್ಯರಲ್ಲಿ ಯಾರು ಯಾವ ಆಸ್ಪತ್ರೆಯ ಪಾಲು ಎಂದು ತಿಳಿಯುವ ದಿನ. ಸೈಕಿಯಾಟ್ರಿ ಸಿಕ್ಕವನು ಸಂಜೆಯವರೆಗೂ ನೆಲದ ಮೇಲಿರುವುದಿಲ್ಲ. ಇನ್ನು ಸ್ಟೆತಾಸ್ಕೋಪಿನ ಹಂಗಿಲ್ಲ, ರಕ್ತ ಮುಟ್ಟಬೇಕಾಗಿಲ್ಲ, ಕುರ್ಚಿ ಎಳೆದುಕೊಂಡು ಕೂತು 'ಹೌದಾ, ಆಮೇಲೆ?' ಎಂದರೆ ಅರ್ಧ ಕೆಲಸ ಮುಗಿದಂತೆ! ರಾತ್ರಿ ಊಟವಾದ ಮೇಲೆ ನಿಯಮಾವಳಿ ತೆರೆಯುತ್ತಾನೆ. ನಾಲ್ಕು ವರ್ಷದ ತರಬೇತಿಯಲ್ಲಿ ನಾಲ್ಕು ತಿಂಗಳು ದೇಹದ ವೈದ್ಯ, ಎರಡು ತಿಂಗಳು ನರವೈದ್ಯ ಕಡ್ಡಾಯ. ಶುರುವೇ ಜುಲೈ ಒಂದಕ್ಕೆ, ಇಂಟರ್ನಲ್ ಮೆಡಿಸಿನ್ ವಾರ್ಡಿನಲ್ಲಿ. ಅಲ್ಲಿಗೆ ನಿದ್ದೆ ಹಾರಿತು.

ಈ ಜೀವಿಯಲ್ಲಿ ಕನ್ನಡದ ತಳಿಯೊಂದಿದೆ. ಊರಿನಲ್ಲಿ ಎಂಬಿಬಿಎಸ್ ಮುಗಿಸಿ, ವಿಮಾನ ಹತ್ತಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಸೀಟು ಹಿಡಿದವರು. ಇವರಿಗೆ ಎರಡು ಕಡೆಯ ಕಾಟ. ಅಲ್ಲಿ ಆಸ್ಪತ್ರೆ, ಇಲ್ಲಿ ನೆಂಟರು. ಸುದ್ದಿ ತಿಳಿಸಲು ಫೋನ್ ಮಾಡಿದರೆ, ಸೋದರಮಾವ ಒಂದು ಗಳಿಗೆ ಸುಮ್ಮನಿದ್ದು, "ಇರ್ಲಿ ಬಿಡೋ, ಮುಂದಿನ ವರ್ಷ ಇನ್ನೊಂದ್ಸಲ ಟ್ರೈ ಮಾಡು" ಎಂದು ಸಮಾಧಾನ ಹೇಳುತ್ತಾರೆ. 1974ರಿಂದ ನಿಮ್ಹಾನ್ಸ್ ನಡೆಯುತ್ತಿರುವ ಬೆಂಗಳೂರಿನಲ್ಲೇ ಇಡೀ ಆಯಸ್ಸು ಕಳೆದ ಮಾವ! ಮನೋವೈದ್ಯ ಅವರ ಪಾಲಿಗೆ ಇನ್ನೂ 'ಹುಚ್ಚರ ಡಾಕ್ಟ್ರು'. ಮೆಡಿಸಿನ್ ವಾರ್ಡಿನ ವಿಷಯ ಕಿವಿಗೆ ಬಿದ್ದಾಗ ಮಾತ್ರ ಮುಖ ಅರಳುತ್ತದೆ. "ಅಂದ್ರೆ ನಾಲ್ಕು ತಿಂಗ್ಳು ನಿಜವಾದ ಡಾಕ್ಟ್ರು ಅನ್ನು!"

ಮಾವ ತಮಗೇ ಗೊತ್ತಿಲ್ಲದೆ ಹೇಳಿದ ಈ ಮಾತೇ ನಮ್ಮ ಇಂಟರ್ನಿನ ಒಳಗಿನ ಅಂಜಿಕೆ. ತಾನು ನಿಜವಾದ ಡಾಕ್ಟರಲ್ಲ ಎಂಬುದು ಜುಲೈಯಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟರೆ?

ಸಿದ್ಧತೆ ಆರಂಭವಾಗುತ್ತದೆ. ಮೊದಲು ಬರುವುದು 'ಪಾಕೆಟ್ ಮೆಡಿಸಿನ್'. ಜೇಬಿನಲ್ಲಿ ಹಿಡಿಸಲೆಂದು ಇಡೀ ವೈದ್ಯಶಾಸ್ತ್ರವನ್ನು ಸಾಸಿವೆಯಷ್ಟು ಅಕ್ಷರದಲ್ಲಿ ಅಚ್ಚು ಮಾಡಿದ ಪುಸ್ತಕ. ಹಳದಿ ಹೈಲೈಟರ್ ಹಿಡಿದು ಮುಖ್ಯವಾದ ಸಾಲುಗಳಿಗೆ ಗೆರೆ ಎಳೆಯುತ್ತಾನೆ. ಮುಖ್ಯವಲ್ಲದ ಸಾಲು ಒಂದೂ ಸಿಗದೆ, ಮೇ ತಿಂಗಳ ಹೊತ್ತಿಗೆ ಪುಸ್ತಕ ಅರಿಶಿನ ಹಚ್ಚಿಸಿಕೊಂಡ ಮದುಮಗನ ಹಾಗೆ ಕಾಣುತ್ತದೆ. ಅದರ ಹಿಂದೆಯೇ 1943ರಿಂದ ಇಂಟರ್ನುಗಳ ಬೆನ್ನು ಬಗ್ಗಿಸುತ್ತಿರುವ 'ವಾಷಿಂಗ್ಟನ್ ಮ್ಯಾನ್ಯುಯಲ್'. ಫೋನಿನಲ್ಲಿ 'ಅಪ್‌ಟುಡೇಟ್'. ಸ್ನಾನದ ಮನೆಯ ಕನ್ನಡಿಗೆ ಸೋಡಿಯಂ ಕಡಿಮೆಯಾದಾಗ ಏನು ಮಾಡಬೇಕೆಂಬ ಕವಲು ನಕ್ಷೆ. ಹಲ್ಲುಜ್ಜುತ್ತಾ 'ದಿನಕ್ಕೆ ಎಂಟರ ಮೇಲೆ ಏರಿಸಬಾರದು, ಎಂಟರ ಮೇಲೆ ಏರಿಸಬಾರದು' ಎಂದು ಜಪಿಸುತ್ತಾನೆ.

ಹೀಗೆ ಓದುವಾಗ ಅವನ ಕಣ್ಣು ಸಾಮಾನ್ಯ ಕಾಯಿಲೆಗಳ ಮೇಲೆ ನಿಲ್ಲುವುದೇ ಇಲ್ಲ. ಫಿಯೊಕ್ರೊಮೊಸೈಟೋಮಾ ಬಾಯಿಪಾಠ. ಪಾರ್ಫೈರಿಯದ ಮೇಲಂತೂ ವಿಶೇಷ ಮಮತೆ. ಹೊಟ್ಟೆನೋವೂ ಬರುತ್ತದೆ, ಬುದ್ಧಿಯೂ ಕೆಡುತ್ತದೆ, ತನ್ನ ವಿಭಾಗಕ್ಕೂ ಮೆಡಿಸಿನ್‌ಗೂ ಅದೊಂದು ಸಂಬಂಧ. ಅಂಥ ರೋಗಿ ಬಂದಾಗ ಎಲ್ಲರೂ ತಬ್ಬಿಬ್ಬಾಗಿ ನಿಲ್ಲುವುದು, ತಾನು ಹಿಂದಿನ ಸಾಲಿನಿಂದ ಮೆಲ್ಲಗೆ ರೋಗದ ಹೆಸರು ಹೇಳುವುದು, ಇದು ಅವನ ಜೂನ್ ತಿಂಗಳ ಕನಸು. ಬೇಸರ ಕಳೆಯಲು 'ದಿ ಹೌಸ್ ಆಫ್ ಗಾಡ್' ಕೈಗೆತ್ತಿಕೊಳ್ಳುತ್ತಾನೆ. ಮೆಡಿಸಿನ್ ಇಂಟರ್ನುಗಳ ಪಾಡನ್ನು ಕುರಿತು 1978ರಲ್ಲಿ ಬಂದ ಕಾದಂಬರಿ. ಸ್ಯಾಮ್ಯುಯೆಲ್ ಶೆಮ್ ಎಂಬ ಹೆಸರಿನಲ್ಲಿ ಅದನ್ನು ಬರೆದ ಸ್ಟೀಫನ್ ಬರ್ಗ್‌ಮನ್ ಮನೋವೈದ್ಯನೇ ಎಂದು ತಿಳಿದು ಧೈರ್ಯ ಬರುತ್ತದೆ. ಪುಸ್ತಕ ಓದಿ ಮುಗಿಸಿದ ಮೇಲೆ ಬಂದ ಧೈರ್ಯವೂ ಹೋಗುತ್ತದೆ.

ಹಾಗೆಂದು ಇವನಿಗೆ ಏನೂ ಬಾರದೆಂದಲ್ಲ. ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಇಂಟರ್ನ್ ಆಗಿದ್ದಾಗ ಕೀಟನಾಶಕ ಕುಡಿದು ಬಂದವರಿಗೆ ರಾತ್ರಿಯಿಡೀ ಪಕ್ಕದಲ್ಲಿ ನಿಂತು ಅಟ್ರೋಪಿನ್ ಏರಿಸಿದವನು. ಹಾವು ಕಡಿದವರ ರಕ್ತ ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷದಲ್ಲಿ ಹೆಪ್ಪುಗಟ್ಟಿತೇ ಎಂದು ಗಡಿಯಾರ ನೋಡುತ್ತಾ ಕಾದವನು. ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಲೆಕ್ಕವನ್ನು ಕ್ರಿಕೆಟ್ ಸ್ಕೋರಿನಂತೆ ಕೇಳುವ ಮನೆಯವರನ್ನು ಸಂಭಾಳಿಸಿದವನು. ಅಮೆರಿಕದ ಆ ವಾರ್ಡಿನಲ್ಲಿ ಕೀಟನಾಶಕವೂ ಇಲ್ಲ, ಹಾವೂ ಇಲ್ಲ. ಹೃದಯ ಸೋತು ಕಾಲು ಊದಿಸಿಕೊಂಡ ಅಜ್ಜಂದಿರು, ಕೈಚೀಲದ ತುಂಬ ಮಾತ್ರೆ ಡಬ್ಬಿ ತಂದ ಅಜ್ಜಿಯರು, ಕುಡಿತ ಬಿಟ್ಟ ಎರಡನೇ ದಿನಕ್ಕೆ ಗಡಗಡ ನಡುಗುವವರು.

ಜುಲೈ ಒಂದು ಬಂತು. ರಾತ್ರಿ ಪೇಜರ್ ಕಿರುಚಿತು. ಕೋಟಿನ ಜೇಬು ಹಿಡಿದುಕೊಂಡೇ ಓಡಿದ. ನರ್ಸಮ್ಮ ಶಾಂತವಾಗಿ ಹೇಳಿದರು, "ಡಾಕ್ಟರ್, ಹನ್ನೆರಡನೇ ರೂಮಿನವರಿಗೆ ಮೂರು ದಿನದಿಂದ ಮೋಷನ್ ಆಗಿಲ್ಲ." ಫಿಯೊಕ್ರೊಮೊಸೈಟೋಮಾದ ಪುಟದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನ ಮುಖ ನೋಡಿ ಅವರೇ ದಾರಿ ತೋರಿದರು, "ಮಿರಾಲ್ಯಾಕ್ಸ್ ಆರ್ಡರ್ ಹಾಕ್ತೀರಾ?" ಹಾಕಿದ. ಎರಡನೆಯ ಕರೆ, ಪೊಟ್ಯಾಸಿಯಂ 3.4. ಪೊಟ್ಯಾಸಿಯಂ ಹೆಚ್ಚಾದರೆ ಕ್ಯಾಲ್ಸಿಯಂ, ಇನ್ಸುಲಿನ್, ಗ್ಲೂಕೋಸ್ ಎಂದು ನಿದ್ದೆಗಣ್ಣಿನಲ್ಲೂ ಒಪ್ಪಿಸುವಷ್ಟು ಓದಿದ್ದ. ಇದು ಕಡಿಮೆ, ಅದೂ ಕೂದಲೆಳೆಯಷ್ಟು. ನಡುಗುವ ದನಿಯಲ್ಲಿ ಸೀನಿಯರ್‌ಗೆ ಫೋನ್ ಮಾಡಿದ. "ನಲವತ್ತು ಕೊಡು. ಮ್ಯಾಗ್ನೀಸಿಯಂ ನೋಡು, ಅದು ಕಡಿಮೆ ಇದ್ರೆ ಇದು ಏರಲ್ಲ. ಮಲಗು." ಮೂರು ವಾಕ್ಯ. ಮೂರೂವರೆ ತಿಂಗಳ ಸಿದ್ಧತೆಯಲ್ಲಿ ಇಷ್ಟು ಚಿಕ್ಕ ವಾಕ್ಯಗಳನ್ನು ಅವನು ಎಲ್ಲೂ ಓದಿರಲಿಲ್ಲ.

ವಾರ ಕಳೆಯುವುದರೊಳಗೆ ಮೆಡಿಸಿನ್ ತಂಡದವರಿಗೆ ಇವನ ಉಪಯೋಗ ತಿಳಿಯುತ್ತದೆ. ಅಳುವ ಮಗಳು, ಡ್ರಿಪ್ ಕಿತ್ತೆಸೆಯುವ ಅಜ್ಜ, ಈಗಲೇ ಮನೆಗೆ ಕಳಿಸಿ ಎಂದು ಕೂಗುವ ಗೃಹಸ್ಥ, ಎಲ್ಲರೂ ಇವನ ಪಾಲಿಗೆ. "ನೀನು ಸೈಕಿಯಾಟ್ರಿ ಅಲ್ವಾ?" ಎಂಬುದೊಂದೇ ಕಾರಣ. ಇವನಿಗೋ ಒಳಗೊಳಗೇ ಅವಮಾನ. ಆದರೂ ಹೋಗುತ್ತಾನೆ, ಚಾಳಿ ಬಿಡಲಾಗದೆ ಕುರ್ಚಿ ಎಳೆದು ಕೂರುತ್ತಾನೆ. ಉಸಿರಾಟದ ತೊಂದರೆಯಿಂದ ಮತ್ತೆ ಮತ್ತೆ ದಾಖಲಾಗುವ ಅಜ್ಜಿಯೊಬ್ಬರಿದ್ದರು. ಹೃದಯದ ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು, ಮಾತ್ರೆಯ ಪ್ರಮಾಣ ಏರಿಸಿದ್ದೂ ಆಯಿತು. ಇವನು 'ಹೌದಾ, ಆಮೇಲೆ?' ಎನ್ನುತ್ತಾ ಕೂತಾಗ ಅಜ್ಜಿ ಗುಟ್ಟು ಬಿಟ್ಟರು. ನೀರು ಇಳಿಸುವ ಮಾತ್ರೆ ತಿಂದರೆ ಗಳಿಗೆಗೊಮ್ಮೆ ಬಾತ್‌ರೂಮಿಗೆ ಓಡಬೇಕು. ಮಂಗಳವಾರ, ಶುಕ್ರವಾರ ಚರ್ಚಿನಲ್ಲಿ ಬಿಂಗೋ ಆಟ. ಆಟದ ನಡುವೆ ಎದ್ದು ಹೋಗಲಾದೀತೇ? ಆ ಎರಡು ದಿನ ಮಾತ್ರೆಗೆ ರಜೆ. ಬಿಂಗೋ ಮುಗಿದ ಮೇಲೆ ತಗೊಳ್ಳಿ ಅಜ್ಜಿ ಎಂದು ಹೇಳಿ ಎದ್ದ. ಮರುದಿನ ರೌಂಡ್ಸ್‌ನಲ್ಲಿ ದೊಡ್ಡ ಡಾಕ್ಟರು ಮೆಚ್ಚಿದಾಗ ಇವನಿಗೆ ನಿರಾಶೆಯೇ ಆಯಿತು. ಪಾರ್ಫೈರಿಯ ಹಿಡಿದಿದ್ದಕ್ಕಲ್ಲವಲ್ಲ!

ಇವನು ಹಗುರವಾಗಿ ಎಣಿಸುವ ತನ್ನ ವಿದ್ಯೆಯ ಬೆಲೆ ಆ ದೇಶಕ್ಕೆ ದುಬಾರಿಯಾಗಿಯೇ ತಿಳಿದದ್ದು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಲಿಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ಜ್ವರವೆಂದು ಬಂದಳು. ಖಿನ್ನತೆಗೆ ಫೆನೆಲ್ಜಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಅದರೊಂದಿಗೆ ಸೇರಲೇಬಾರದ ಮೆಪೆರಿಡಿನ್ ಇಂಜೆಕ್ಷನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಆಕೆ ಇರಲಿಲ್ಲ. ಆ ರಾತ್ರಿ ನೋಡಿಕೊಂಡದ್ದು ಹೊತ್ತುಗೊತ್ತಿಲ್ಲದೆ ದುಡಿಯುತ್ತಿದ್ದ ತರಬೇತಿ ವೈದ್ಯರು. ತಂದೆಯ ಹೋರಾಟದಿಂದ ನ್ಯೂಯಾರ್ಕಿನಲ್ಲಿ 1989ರಲ್ಲಿ, ದೇಶಕ್ಕೆಲ್ಲ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. ಇಂಟರ್ನು ಇಂದು ಮಲಗುವ ನಾಲ್ಕು ಗಂಟೆ ಆ ಹುಡುಗಿ ಕೊಡಿಸಿದ್ದು. ರೋಗಿಯ ಪಟ್ಟಿಯಲ್ಲಿ ಮನಸ್ಸಿನ ಮಾತ್ರೆ ಕಂಡಕೂಡಲೇ ಇವನ ಹುಬ್ಬು ಏರುತ್ತದಲ್ಲ, ಆ ಹುಬ್ಬಿಗೂ ವಾರ್ಡಿನಲ್ಲಿ ಕೆಲಸವಿದೆ.

ನಾಲ್ಕನೆಯ ತಿಂಗಳಿಗೆ ಮಹಾಶಯ ಬೇರೆಯೇ ಆಗಿರುತ್ತಾನೆ. ಸ್ಟೆತಾಸ್ಕೋಪ್ ಕೊರಳಲ್ಲೇ ಊಟ, ಕೊರಳಲ್ಲೇ ತರಕಾರಿ ಅಂಗಡಿ. ಮಾವ ಅಪರಾತ್ರಿಯಲ್ಲಿ ವಾಟ್ಸಾಪಿಗೆ ಹಾಕುವ ಶುಗರ್ ರಿಪೋರ್ಟಿಗೆ ಒಂದು ಪುಟದ ಉತ್ತರ. ಸೈಕಿಯಾಟ್ರಿ ವಾರ್ಡಿಗೆ ಮರಳಿದ ಮೊದಲ ವಾರ, ಮನಸ್ಸು ಕುಗ್ಗಿ ಬಂದವರಿಗೂ ಮ್ಯಾಗ್ನೀಸಿಯಂ, ನಿದ್ದೆ ಬಾರದವರಿಗೂ ಇಸಿಜಿ. ಅಲ್ಲಿನವರು ಸಹಿಸಿಕೊಳ್ಳುತ್ತಾರೆ. ಈ ಜ್ವರ ಎಲ್ಲರಿಗೂ ಬಂದು ತಾನಾಗಿ ಇಳಿಯುವಂಥದು.

ಇಳಿಯುತ್ತದೆ ಕೂಡ. ಎರಡನೆಯ ವರ್ಷದ ಒಂದು ರಾತ್ರಿ ತನ್ನ ರೋಗಿಯೊಬ್ಬರ ಬಿಪಿ 152/94 ಎಂದು ಕಂಡು ಗಾಬರಿಯಾಗಿ ಮೆಡಿಸಿನ್‌ನವರಿಗೆ ಫೋನ್ ಮಾಡುತ್ತಾನೆ. "ತಲೆನೋವು, ಎದೆನೋವು ಇದೆಯಾ?" ಇಲ್ಲ. "ಬೆಳಿಗ್ಗೆ ಇನ್ನೊಮ್ಮೆ ನೋಡಿ. ಮಲಗಿ." ಅದೇ ವಾರ ಮಾವನ ಕ್ರಿಯಾಟಿನಿನ್ ರಿಪೋರ್ಟು ಬರುತ್ತದೆ. ಇವನ ಉತ್ತರ ಒಂದೇ ಸಾಲು. "ಮಾವ, ಯಾರಾದ್ರೂ ಒಳ್ಳೆ ಫಿಸಿಷಿಯನ್‌ಗೆ ತೋರಿಸಿ."

ಮಾವ ಕೂಡಲೇ ಫೋನ್ ಮಾಡಿದರು. "ಯಾಕೋ, ಅಷ್ಟು ಒಳ್ಳೆ ಕೆಲಸ ಸಿಕ್ಕಿತ್ತು, ಬಿಟ್ಬಿಟ್ಯಾ?"