ಖುದ್ದು ಹಾಜರ್

ತನ್ನ ಹಲ್ಲನ್ನು ತಾನೇ ಕೀಳಬಾರದೆಂದು ನಮ್ಮ ದೇಶದಲ್ಲಿ ಕಾನೂನಿಲ್ಲ. ತನ್ನ ಕೇಸನ್ನು ತಾನೇ ನಡೆಸಬಾರದೆಂದೂ ಇಲ್ಲ. ಕಕ್ಷಿದಾರ ಖುದ್ದಾಗಿ ಬಂದು ನಿಲ್ಲಬಹುದು ಎನ್ನುತ್ತದೆ 1908ರ ಸಿವಿಲ್ ಪ್ರೊಸೀಜರ್ ಕೋಡಿನ ಮೂರನೇ ಆರ್ಡರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದ ನನಗೆ ಅಷ್ಟು ಧೈರ್ಯ ಸಾಕಾಯಿತು. ಇಪ್ಪತ್ತು ಲಕ್ಷಕ್ಕೆ ಸೈಟು ಕೊಡುತ್ತೇನೆಂದು ಕ್ರಯದ ಕರಾರು ಬರೆದುಕೊಟ್ಟು, ಮುಂಗಡ ಎಣಿಸಿಕೊಂಡ ಯಜಮಾನರು, ಪಕ್ಕದಲ್ಲೇ ರಿಂಗ್ ರೋಡ್ ಬರುವ ಸುದ್ದಿ ಹಬ್ಬಿದ ಮೇಲೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

ವಕೀಲರ ಫೀಜು ಉಳಿಯಿತೆಂದು ಹಿಗ್ಗುತ್ತಾ ದಾವೆ ಹೂಡಲು ಹೋದೆ. ಕೋರ್ಟ್ ಫೀ ಮುಂಗಡದ ಮೇಲಲ್ಲ, ಕರಾರಿನ ಪೂರ್ತಿ ಬೆಲೆಯ ಮೇಲೆ ಎಂದರು ಶಿರಸ್ತೇದಾರರು. ಲಕ್ಷ ದಾಟಿತು. ಹಿಗ್ಗು ಅಲ್ಲಿಗೆ ಮುಗಿಯಿತು.

2018ರ ತಿದ್ದುಪಡಿಯ ಪ್ರಕಾರ ಇಂಥ ದಾವೆ ಸಮನ್ಸ್ ಜಾರಿಯಾದ ಹನ್ನೆರಡು ತಿಂಗಳಲ್ಲಿ ಮುಗಿಯಬೇಕು. ಬೇಕಾದರೆ ಇನ್ನಾರು ತಿಂಗಳು. ಶಾಸನ ಬರೆದವರು ನಮ್ಮ ಯಜಮಾನರನ್ನು ಕಂಡವರಲ್ಲ. ಅಮೀನರು ಬಾಗಿಲು ತಟ್ಟಿದಾಗಲೆಲ್ಲ ಅವರು ಧರ್ಮಸ್ಥಳದಲ್ಲಿರುತ್ತಿದ್ದರು. ಅಷ್ಟು ಸಲ ಮಂಜುನಾಥನ ದರ್ಶನವಾಗಿದ್ದರೆ ಅವರೇ ಬಂದು ಸೈಟು ರಿಜಿಸ್ಟರ್ ಮಾಡಿಕೊಡಬೇಕಿತ್ತು.

ನನ್ನ ಸಂಸಾರಕ್ಕೆ ಮಾತ್ರ ನಿಜವಾದ ಎದುರಾಳಿ ಅವರಲ್ಲ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 16(ಸಿ) ಕಲಮು. ಕರಾರಿನಲ್ಲಿ ತನ್ನ ಪಾಲಿನದನ್ನು ನೆರವೇರಿಸಲು ವಾದಿ ಮೊದಲಿನಿಂದ ಕೊನೆಯವರೆಗೂ ಸಿದ್ಧನೂ ಸಮ್ಮತನೂ ಆಗಿದ್ದನೆಂದು ರುಜುವಾತಾಗಬೇಕು. ಮಾತು ತಪ್ಪಿದವರು ಧರ್ಮಸ್ಥಳದಲ್ಲಿ ಹಾಯಾಗಿರಬಹುದು. ಮಾತಿಗೆ ನಿಂತವನು ಬ್ಯಾಂಕ್ ಪಾಸ್‌ಬುಕ್ ಹಿಡಿದು ತುದಿಗಾಲಲ್ಲಿ ನಿಂತಿರಬೇಕು. ಮದುವೆಯ ದಿನವೂ ಇಷ್ಟು ಕಟ್ಟುನಿಟ್ಟಿನ ಷರತ್ತಿಗೆ ನಾನು ಒಪ್ಪಿರಲಿಲ್ಲ.

ಫ್ರಿಜ್ಜು ಕೆಟ್ಟಿತು. “ಎಫ್‌ಡಿ ಮುರೀರಿ” ಅಂದಳು ನನ್ನಾಕೆ.

“ಅದು ಎಫ್‌ಡಿ ಅಲ್ಲ ಕಣೇ, ನಿಶಾನೆ ಪಿ-4.”

ಮಗಳ ಸೀಮಂತಕ್ಕೆ ಬಳೆ ಮಾಡಿಸೋಣವೆಂದಳು. ನಿಶಾನೆ ಪಿ-4. ಚಾವಣಿ ಸೋರಿತು. ಬಕೆಟ್ ಇಟ್ಟೆವು, ನಿಶಾನೆಗೆ ಕೈ ಹಚ್ಚಲಿಲ್ಲ. ಅದೇ ಕಲಮಿನ ಕೆಳಗೆ ಒಂದು ವಿವರಣೆಯೂ ಉಂಟು: ನ್ಯಾಯಾಲಯ ಹೇಳದ ಹೊರತು ವಾದಿ ಹಣವನ್ನು ಎಣಿಸಿ ತಂದಿಡಬೇಕಾಗಿಲ್ಲ. ಕೊಡುವ ಶಕ್ತಿ ಇದ್ದರಾಯಿತು. ಈ ಭಾಗವನ್ನು ನಾನು ಮನೆಯಲ್ಲಿ ಓದಿ ಹೇಳಿರಲಿಲ್ಲ.

ಕೋರ್ಟಿನಲ್ಲಿ ನಾನೇ ವಕೀಲ, ನಾನೇ ಗುಮಾಸ್ತ, ನಾನೇ ಮೊದಲನೇ ಸಾಕ್ಷಿ. ಮುಖ್ಯ ವಿಚಾರಣೆಯನ್ನು ಪ್ರಮಾಣಪತ್ರದಲ್ಲೇ ಬರೆದುಕೊಡುವ ಪದ್ಧತಿ 2002ರಲ್ಲಿ ಬಂತು. ಇಲ್ಲದಿದ್ದರೆ ಕೆಳಗಿನಿಂದ ಪ್ರಶ್ನೆ ಕೇಳಿ, ಕಟಕಟೆ ಹತ್ತಿ ಉತ್ತರ ಕೊಟ್ಟು, ಮತ್ತೆ ಇಳಿದು ಬರಬೇಕಿತ್ತು. ನನ್ನ ಮಂಡಿಯನ್ನು ಕಾಪಾಡಿದ್ದು ಸಂಸತ್ತು. ಪಾಟೀ ಸವಾಲಿನಲ್ಲಿ ಎದುರು ವಕೀಲರು ಬಲು ವಿನಯವಾಗಿ, ನಾನು ಬಡವ, ದುರಾಸೆಯವ, ಕರಾರನ್ನೇ ಸೃಷ್ಟಿಸಿದವ ಎಂದೆಲ್ಲ ಸೂಚಿಸಿದರು. ಎಲ್ಲದಕ್ಕೂ “ಎಂದರೆ ಸರಿಯಲ್ಲ” ಎಂದು ದಾಖಲಾಯಿತು. ಹೊರಗೆ ಬಂದ ಮೇಲೆ ಅವರೇ ಕಾಫಿ ಕೊಡಿಸಿ, “ಒಬ್ಬ ಲಾಯರ್ ಇಟ್ಕೊಳ್ಳಿ ಮೇಷ್ಟ್ರೇ” ಅಂದರು.

ಪಾಟೀ ಸವಾಲಿನಲ್ಲಿ “ಯಾಕೆ” ಎಂದು ಮಾತ್ರ ಕೇಳಬಾರದಂತೆ. ವಕೀಲಿಕೆಯ ಮೊದಲ ಪಾಠವೇ ಅದು. ಜೀವಮಾನವಿಡೀ ಕೇಳಿದ್ದೇ ಅದೊಂದನ್ನು, ಬಾಯಿ ಕೇಳಬೇಕಲ್ಲ! ಯಜಮಾನರು ಕಟಕಟೆಗೆ ಬಂದಾಗ ಹೋಂವರ್ಕ್ ತಾರದ ಹುಡುಗನನ್ನು ಕೇಳುವ ದನಿಯಲ್ಲೇ ಕೇಳಿದೆ:

“ಯಾಕೆ ರಿಜಿಸ್ಟರ್ ಮಾಡಿಕೊಡಲಿಲ್ಲ?”

“ರೇಟು ಏರಿತಲ್ಲ ಮೇಷ್ಟ್ರೇ, ಯಾರಾದ್ರೂ ಕೊಡ್ತಾರಾ?”

ಅವರ ವಕೀಲರು ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಆ ವಾಕ್ಯವನ್ನು ನಿಧಾನವಾಗಿ ಬೆರಳಚ್ಚುಗಾರ್ತಿಗೆ ಹೇಳಿ ಬರೆಸಿದರು.

ಗೆದ್ದೇ ಬಿಟ್ಟೆನೆಂಬ ಠೀವಿಯಲ್ಲಿ ಮನೆಗೆ ಬಂದರೆ, ನನ್ನಾಕೆ ಕನ್ನಡಕ ಏರಿಸಿಕೊಂಡು ಕಾಯ್ದೆಯ ಪುಸ್ತಕ ಹಿಡಿದು ಕೂತಿದ್ದಳು. ಬೆರಳು 16(ಸಿ)ಯ ಕೆಳಗಿತ್ತು.

“ಹಣ ಎಣಿಸಿ ಇಡಬೇಕಾಗಿಲ್ಲ ಅಂತ ಇಲ್ಲೇ ಬರೆದಿದೆ. ಇದು ನಿಮಗೆ ಗೊತ್ತೇ ಇರಲಿಲ್ಲ ಎಂದರೆ ಸರಿಯೇ?”

ನಾನು ವಾಯಿದೆ ಕೇಳಿದೆ.