ಬಾಗಿಲೊಳಗಿನ ಗುಲಗಂಜಿ

ಮೊನ್ನೆ ಕಂಪೌಂಡಿನ ಆಚೆಯಿಂದ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲೇ ಇಲ್ಲ. ಕುಕ್ಕರು ಮೂರನೇ ಸೀಟಿ ಹೊಡೆಯಿತು, ಒಳಗೆ ಓಡಿದೆ. “ಇಂಜಿನ್ ಇಷ್ಟು ಚೆಂದ ಉಂಟು, ಒಂದು ಫುಲ್ ಪೇಂಟ್ ಹೊಡೆಸಿಬಿಡಿ ಮಾರಾಯ್ರೆ, ಮದುಮಗಳ ಹಾಗೆ ಕಾಣ್ತದೆ” ಅಂದಿರಿ. ನಿಂತ ಕಾಲಲ್ಲಿ ಹೌದು ಅಂತಲೂ ಇಲ್ಲ ಅಂತಲೂ ಹೇಳುವ ಸಂಗತಿ ಅಲ್ಲ ಅದು. ಇವತ್ತು ಬಿಡುವುಂಟು, ಹೇಳ್ತೇನೆ.

ನಮ್ಮ ಮಾರುತಿ 800 ಕಾರು ಬಂದದ್ದು 1999ರಲ್ಲಿ. ಆಗಿನ ಕೆಂಪು ನಿಮಗೆ ನೆನಪಿರಬಹುದು, ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಈಗ ಟಾಪು ಮತ್ತು ಬಾನೆಟ್ಟು ಗುಲಾಬಿಗೆ ತಿರುಗಿವೆ. ಒರಗಿ ನಿಂತರೆ ಬಿಳಿ ಪಂಚೆಗೆ ಸೀಮೆಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಆದರೆ ಎಡಬದಿಯ ಬಾಗಿಲು ನೋಡಿ, ಹಲಸಿನ ಮರದ ನೆರಳಲ್ಲಿ ನಿಲ್ಲುವ ಬದಿ ಅದು, ಇನ್ನೂ ಹೊಸತರ ಹಾಗೆಯೇ ಉಂಟು. ಬಲಬದಿ ಪಡುವಣ ಬಿಸಿಲಿಗೆ ಬಿದ್ದದ್ದು. ಒಂದೇ ಕಾರಿಗೆ ಎರಡು ಪ್ರಾಯ! ಮರದಿಂದ ಉಪದ್ರವೂ ಇಲ್ಲದಿಲ್ಲ. ಮೇಣ ಬೀಳುತ್ತದೆ, ಅದಕ್ಕೆ ತೆಂಗಿನೆಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಆಯ್ತು, ಹಲಸಿನ ಹಣ್ಣು ಬಿಡಿಸಿದ ಕೈಗೆ ಮಾಡುವ ಹಾಗೆಯೇ. ಹಕ್ಕಿಯ ಹಿಕ್ಕೆ ಮಾತ್ರ ಕೂಡಲೇ ತೊಳೆಯಬೇಕು. ಎರಡು ದಿನ ಬಿಸಿಲಿಗೆ ಬಿಟ್ಟರೆ ಬಣ್ಣದೊಳಗೇ ಕಚ್ಚಿ ಕೂರುತ್ತದೆ.

ಬಣ್ಣ ಮಾಸುವುದು ಒಂದು, ತಗಡು ತಿನ್ನಿಸಿಕೊಳ್ಳುವುದು ಇನ್ನೊಂದು. ನಾವು ಎರಡನ್ನೂ ಸೇರಿಸಿ “ಕಾರು ಹಾಳಾಯ್ತು” ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೇವೆ, ಅಲ್ವಾ? ಮಾಸಿದ ಟಾಪು ಇನ್ನು ಹತ್ತು ವರ್ಷ ಹಾಗೆಯೇ ಇದ್ದರೂ ಕಾರು ಓಡುತ್ತದೆ. ಬಾಗಿಲ ಕೆಳಗಿನ ಅಂಚಿನಲ್ಲಿ ಕಡಲೆಬೇಳೆಯಷ್ಟು ಒಂದು ಗುಳ್ಳೆ ಎದ್ದಿದ್ದರೆ ಅದಕ್ಕೆ ಅಷ್ಟು ತಾಳ್ಮೆ ಇಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಬಣ್ಣವನ್ನು ಒಳಗಿನಿಂದ ದೂಡಿ ಗುಳ್ಳೆ ಮಾಡುವುದು. ಹೊರಗೆ ಬೇಳೆಯಷ್ಟು ಕಂಡರೆ ಒಳಗೆ ಹಪ್ಪಳದಷ್ಟು ಹೋಗಿರುತ್ತದೆ ಅಂತಲೇ ಲೆಕ್ಕ.

ನಮ್ಮ ಊರು ಬೇರೆ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ. ಮೇಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಸಿಕ್ಕಿಬಿದ್ದರೆ ಗೊತ್ತಲ್ಲ, ಉಪ್ಪುನೀರು ರಸ್ತೆಯುದ್ದಕ್ಕೂ ಸುರಿಯುತ್ತಿರುತ್ತದೆ. ಬೈಕಿನವರು ಜಾರಿ ಬೀಳುವುದು ಒಂದು ಕಡೆ. ಆ ನೀರು ನಮ್ಮ ಚಕ್ರದಿಂದ ಎದ್ದು ಅಡಿಯ ತಗಡಿಗೆ ಬಡಿಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಬರೀ ನೀರಿಗಿಂತ ಉಪ್ಪುನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ತುಕ್ಕಿನ ಕೆಲಸ ಅಷ್ಟೇ ಬೇಗ ನಡೆಯುತ್ತದೆ. ಬಯಲುಸೀಮೆಯ ಕಡೆ ಇದೇ ವಯಸ್ಸಿನ ಕಾರುಗಳಿಗೆ ಬಣ್ಣ ಹೋಗಿರುತ್ತದೆ, ತಗಡು ಗಟ್ಟಿ ಇರುತ್ತದೆ. ಇಲ್ಲಿ ಬಣ್ಣ ಮಿರಮಿರ ಮಿಂಚುತ್ತಿದ್ದರೂ ಅಡಿಯಲ್ಲಿ ಜರಡಿ.

ಪೇಟೆಯ ಒಂದು ದೊಡ್ಡ ಗ್ಯಾರೇಜಿಗೆ ಮೊದಲು ಒಯ್ದೆ. ಅಲ್ಲಿಯ ಹುಡುಗ ಕಾರಿಗೆ ಒಂದು ಸುತ್ತು ಬಂದು, ಮೊಬೈಲಲ್ಲಿ ಕೂಡಿಸಿ ಕಳೆದು, ಫುಲ್ ಬಾಡಿಗೆ 38,000 ಅಂದ. ಬಗ್ಗಿ ನೋಡಲಿಲ್ಲ. ರನ್ನಿಂಗ್ ಬೋರ್ಡಿನಲ್ಲಿ ತೂತುಂಟಲ್ಲ ಅಂದೆ. “ಪುಟ್ಟಿ ಹಾಕಿ ಲೆವೆಲ್ ಮಾಡ್ತೇವೆ ಸರ್, ಗೊತ್ತೇ ಆಗುವುದಿಲ್ಲ” ಅಂದ. ಗೊತ್ತೇ ಆಗುವುದಿಲ್ಲ ಅನ್ನುವ ಆ ಮಾತು ನನಗೆ ರಾತ್ರಿಯಿಡೀ ಚುಚ್ಚಿತು ಕಣ್ರೀ. ಪುಟ್ಟಿ ನೀರು ಕುಡಿಯುವ ವಸ್ತು. ಹಿಂದಿನಿಂದ ಗಟ್ಟಿ ತಗಡು ಇದ್ದು, ಮೇಲೆ ತೆಳ್ಳಗೆ ಸಾರಿಸಿದರೆ ಅದರಷ್ಟು ಉಪಕಾರಿ ಬೇರೆ ಇಲ್ಲ. ತೂತಿಗೇ ತುಂಬಿದರೆ ಹಿಂಬದಿಯಿಂದ ನೀರು ಹೀರಿ ಹೀರಿ ಮುಂದಿನ ಸೋಣೆ ತಿಂಗಳ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಗುಳ್ಳೆ, ಈ ಸಲ ಹೊಸ ಬಣ್ಣದ ಅಡಿಯಲ್ಲಿ.

ಆಮೇಲೆ ಹೋದದ್ದು ಟಿಂಕರಿಂಗಿನ ಆಚಾರ್ರ ಹತ್ತಿರ. ತಗಡಿನ ಮಾಡು, ಮುಂದೆ ಎರಡು ಆಟೊ, ಒಂದು ಕೊಳೆತ ಅಂಬಾಸಿಡರ್. ಅವರು ಬಂದವರೇ ಬಣ್ಣ ನೋಡಲಿಲ್ಲ. ಬೆರಳ ಗಂಟಿನಿಂದ ಬಾಗಿಲು, ಮಡ್‌ಗಾರ್ಡು, ಹಿಂದಿನ ಚಕ್ರದ ಕಮಾನು ಎಲ್ಲ ತಟ್ಟುತ್ತಾ ಹೋದರು, ಹಲಸು ಬಲಿತಿದೆಯಾ ಅಂತ ತಟ್ಟಿ ನೋಡುವ ಹಾಗೆ. ಠಣ್ ಅಂದರೆ ತಗಡು. ದಬ್ ಅಂದರೆ ಪುಟ್ಟಿ. ಹಿಂದಿನ ಬಲ ಚಕ್ರದ ಮೇಲೆ ದಬ್ ಅಂತು. ಹಳೇ ಸ್ಪೀಕರಿನ ಆಯಸ್ಕಾಂತ ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದು ಅಲ್ಲಿಟ್ಟರು, ಹಿಡಿಯಲಿಲ್ಲ, ಜಾರಿ ಕೈಗೆ ಬಿತ್ತು. 2008ರಲ್ಲಿ ಬಸ್ಸೊಂದು ಸವರಿಕೊಂಡು ಹೋಗಿದ್ದು ನನಗೇ ಮರೆತುಹೋಗಿತ್ತು. ಕಾರಿಗೆ ನೆನಪಿತ್ತು.

“ಒರಿಜಿನಲ್ ಬಣ್ಣ ಎಲ್ಲೆಲ್ಲಿ ಗಟ್ಟಿ ಉಂಟೋ ಅಲ್ಲಿ ನಾನು ಮುಟ್ಟುವುದಿಲ್ಲ” ಅಂದರು ಆಚಾರ್ರು. ಯಾಕೆ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು. ಕಾರ್ಖಾನೆಯಲ್ಲಿ ಕಾರಿನ ಬರೀ ತಗಡಿನ ಗೂಡನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಕೈ ಹೋಗದ ಸಂದುಗೊಂದಿಗೂ ಅಂಟಿಸುತ್ತಾರೆ. ಆಮೇಲೆ ನೂರೈವತ್ತು ಡಿಗ್ರಿಗೂ ಮೇಲಿನ ಶಾಖದಲ್ಲಿ ಬೇಯಿಸುತ್ತಾರೆ. ನಮ್ಮ ಕಾರನ್ನು ಈಗ ಹಾಗೆ ಬೇಯಿಸಲಿಕ್ಕಾಗುತ್ತದಾ? ವಯರು, ರಬ್ಬರು, ಡ್ಯಾಶ್‌ಬೋರ್ಡು ಎಲ್ಲ ಕರಗಿ ನೀರಾದೀತು. ಒಳ್ಳೆಯ ಪೇಂಟ್ ಬೂತಿನಲ್ಲೂ ಅರವತ್ತು ಡಿಗ್ರಿಯ ಆಸುಪಾಸು, ಅಷ್ಟೆ. ಹಾಗಾಗಿ ಹಳೇ ಬಣ್ಣ ಮಾಸಿದ್ದರೂ ತಳಕ್ಕೆ ಹಿಡಿದ ಅದರ ಹಿಡಿತ ಹೊಸದಕ್ಕೆ ಬರುವುದಿಲ್ಲ. ಅದನ್ನು ಕೆರೆದು ತೆಗೆದು ಹೊಸದು ಹೊಡೆಸಿದರೆ ಗಟ್ಟಿ ಕೊಟ್ಟು ಸಪೂರ ತಂದ ಹಾಗಾಯ್ತು, ಅಲ್ವಾ?

ಮಾಸಿದ್ದು ಬರೀ ಮೇಲ್ಮೈಯಾ ಅಂತ ನೋಡಲಿಕ್ಕೆ ಒಂದು ಸುಲಭದ ದಾರಿಯೂ ತೋರಿಸಿಕೊಟ್ಟರು. ಬಿಳಿ ಬಟ್ಟೆಗೆ ಚೂರು ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕುವುದು. ಬಟ್ಟೆ ಕೆಂಪಾಯಿತು. ಅಂದರೆ ಮೇಲೆ ಕ್ಲಿಯರ್ ಕೋಟಿನ ಪದರ ಇಲ್ಲ, ತಿಕ್ಕಿದ್ದು ಬಣ್ಣವನ್ನೇ. ಆ ಜಾಗದಲ್ಲಿ ಅಂಗೈಯಗಲ ಮತ್ತೆ ಕುಂಕುಮ ಎದ್ದು ಬಂತು ನೋಡಿ, ನನಗೆ ಗಂಟಲು ಕಟ್ಟಿದ ಹಾಗಾಯ್ತು. ಬಟ್ಟೆಗೆ ಬಣ್ಣ ಹತ್ತದೆ, ಕಾರಿನ ಮೇಲೆ ಮಾತ್ರ ಸಿಪ್ಪೆ ಏಳುವ ಹಾಗಿದ್ದರೆ ಅದು ಕ್ಲಿಯರ್ ಕೋಟು ಸತ್ತ ಲಕ್ಷಣ, ಅದಕ್ಕೆ ತಿಕ್ಕಿ ಪ್ರಯೋಜನ ಇಲ್ಲ. ತಿಕ್ಕುವುದಕ್ಕೂ ಮಿತಿ ಉಂಟು. ಪ್ರೈಮರಿನಿಂದ ಹಿಡಿದು ಎಲ್ಲ ಪದರ ಸೇರಿದರೂ ಕೂದಲೆಳೆ ಒಂದೆರಡರ ದಪ್ಪ. ವರ್ಷ ವರ್ಷ ತಿಕ್ಕಿದರೆ ಮೂಲೆಯಲ್ಲಿ ತಳ ಕಾಣುತ್ತದೆ.

ಈಗ ಬಾಗಿಲಿಗೆ ಬರುವ. ಬಾಗಿಲಿನ ಅಡಿ ಅಂಚಿನಲ್ಲಿ ನೀರು ಹೋಗಲಿಕ್ಕೆ ಸಣ್ಣ ಸಣ್ಣ ಕಂಡಿಗಳಿರುತ್ತವೆ ಅಂತ ನಿಮಗೆ ಗೊತ್ತುಂಟಾ? ಗಾಜಿನ ಸಂದಿನಿಂದ ಇಳಿದ ಮಳೆನೀರು ಅದರಿಂದಲೇ ಹೊರಗೆ ಹೋಗಬೇಕು. ಮುಚ್ಚಿಕೊಂಡರೆ ಬಾಗಿಲು ಒಳಗೊಂದು ತೊಟ್ಟಿಯಾಗುತ್ತದೆ. ನಮ್ಮದರ ಹಿಂದಿನ ಎಡ ಬಾಗಿಲಲ್ಲಿ ಆಚಾರ್ರು ಹಿಡಿಸೂಡಿ ಕಡ್ಡಿ ತೂರಿಸಿದರು. ಮೊದಲು ಕೊಳೆತ ಎಲೆ, ಆಮೇಲೆ ಇಟ್ಟಿಗೆ ಬಣ್ಣದ ಕೆಸರು, ಆಮೇಲೆ ಎಂತದೋ ಗಟ್ಟಿ. ಕಡ್ಡಿ ಅಲ್ಲಾಡಿಸಿದರು, ಬರಲಿಲ್ಲ. ಒಳಗಿನ ರಟ್ಟು ಬಿಚ್ಚಿ ಕೈ ಹಾಕಿದರೆ ಹಿಡಿ ತುಂಬ ಗುಲಗಂಜಿ! ಮಗಳು ಒಂದನೆಯೋ ಎರಡನೆಯೋ ಕ್ಲಾಸಿನಲ್ಲಿದ್ದಾಗ ಅಜ್ಜಿ ಮನೆಯಿಂದ ಹೆಕ್ಕಿ ತಂದು ಗಾಜಿನ ಸಂದಿಗೆ ಒಂದೊಂದಾಗಿ ಹಾಕಿದ್ದು ಇರಬೇಕು. ಫೋನು ಮಾಡಿ ಕೇಳಿದೆ. “ಅಪ್ಪ, ಬೀಳುವಾಗ ಟಣ್ ಟಣ್ ಅಂತಿತ್ತಲ್ಲ” ಅಂದಳು. ಇಪ್ಪತ್ತು ವರ್ಷ ಕೆಸರಲ್ಲಿದ್ದ ಕಾಳುಗಳನ್ನು ನೀರಲ್ಲಿ ತೊಳೆದರೆ, ಕೆಂಪು ಕೆಂಪಾಗಿಯೇ ಉಂಟು, ಕಪ್ಪು ಕಪ್ಪಾಗಿಯೇ ಉಂಟು. ಅಕ್ಕಸಾಲಿಗಳು ಚಿನ್ನ ತೂಗಲಿಕ್ಕೆ ಅದನ್ನೇ ನೆಚ್ಚಿಕೊಂಡಿದ್ದರು ಅನ್ನುವುದು ಸುಮ್ಮನೆ ಅಲ್ಲ. ಆಚಾರ್ರು ಒಂದು ಕಾಳನ್ನು ಬಾಗಿಲ ಹೊರಮೈಗೆ ಹಿಡಿದು ಬಣ್ಣ ತಾಳೆ ನೋಡಿದರು. ನಮ್ಮ 1999ರ ಕೆಂಪಿಗೆ ಅದೇ ಹತ್ತಿರ.

ತಾಳೆ ಅಂದದ್ದಕ್ಕೆ ನೆನಪಾಯ್ತು. ಕಾರಿನ ಬಣ್ಣಕ್ಕೆ ಕೋಡ್ ಇರುತ್ತದೆ, ಅದನ್ನು ಹೇಳಿದರೆ ಅಂಗಡಿಯಲ್ಲಿ ಮಿಶ್ರಣ ಮಾಡಿ ಕೊಡುತ್ತಾರೆ. ಆದರೆ ಆ ಕೋಡ್ ಹೊಸ ಕಾರಿನದ್ದು, ಇಷ್ಟು ವರ್ಷ ಬಿಸಿಲು ತಿಂದ ಕಾರಿನದ್ದಲ್ಲ. ಅದಕ್ಕೇ ಪೇಂಟರುಗಳು ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿ ಒಯ್ಯುವುದು. ನಮ್ಮದರ ಹೊರಮೈ ಗುಲಾಬಿ, ಒಳಮೈ ಕುಂಕುಮ. ಯಾವುದಕ್ಕೆ ತಾಳೆ ಮಾಡುವುದು ಅಂತ ಅಂಗಡಿಯವರೂ ನಾನೂ ಮುಖ ಮುಖ ನೋಡಿಕೊಂಡೆವು. ಒಂದೇ ಬಾಗಿಲಿಗೆ ಬಣ್ಣ ಹೊಡೆಸಿದರೆ ಅದೊಂದೇ ಎದ್ದು ಕಾಣುವುದು ಈ ಕಾರಣಕ್ಕೆ.

ನಮ್ಮ ಮನೆಯಾಕೆಗೆ ನೀಲಿ ಮಾಡಿಸುವ ಆಸೆ ಇತ್ತು, ಹೇಗೂ ಖರ್ಚು ಮಾಡ್ತೀರಲ್ಲ ಅಂತ. ಅದೂ ಸಣ್ಣ ಕೆಲಸ ಅಲ್ಲ. ಬಣ್ಣ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಬಾಗಿಲು ತೆಗೆದರೆ ಚೌಕಟ್ಟಿನಲ್ಲಿ ಕೆಂಪು, ಬಾನೆಟ್ ಎತ್ತಿದರೆ ಕೆಂಪು. ಅಷ್ಟನ್ನೂ ಬಿಚ್ಚಿ ಬಳಿಯದಿದ್ದರೆ ಅರ್ಧ ವೇಷ ಕಟ್ಟಿ ರಂಗಸ್ಥಳಕ್ಕೆ ಬಂದ ಹಾಗೆ. ಹದಿನೈದು ವರ್ಷ ಮುಗಿದಾಗ 2014ರಲ್ಲಿ ಒಂದು ಸಲ, 2019ರಲ್ಲಿ ಇನ್ನೊಂದು ಸಲ ಆರ್‌ಸಿ ನವೀಕರಣ ಮಾಡಿಸಿದ್ದೆ, 2019ರಲ್ಲಿ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲಿನಿಂದ ಅದು 5,000 ಆಯ್ತು. 2024ರಲ್ಲಿ ಅದನ್ನೂ ಕಟ್ಟಿದ್ದೇನೆ. ಕಟ್ಟಿದ ಮೇಲೆ ಐದು ವರ್ಷ ಅದು ಗಟ್ಟಿಮುಟ್ಟಾಗಿ ಓಡಬೇಕು. ನೀಲಿಯೋ ಕೆಂಪೋ ಅನ್ನುವುದು ಆಮೇಲಿನ ಮಾತು.

ಬಣ್ಣ ಆಮೇಲೆ ಅಂದದ್ದಕ್ಕೆ ನೆನಪಾಯ್ತು, ನಾವು ಸಣ್ಣವರಿದ್ದಾಗ ಹೊಳೆ ಬದಿಯಲ್ಲಿ ದೋಣಿ ಎಳೆದು ಹಾಕುತ್ತಿದ್ದದ್ದು ನೋಡಿದ್ದೀರಲ್ಲ? ಮಳೆಗಾಲದ ಕಡಲಿಗೆ ಇಳಿಯದ ಮರದ ದೋಣಿಗಳು ಮಗುಚಿ ಮಲಗಿರುತ್ತಿದ್ದವು. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧದ 61 ದಿನ ಬೋಟುಗಳಿಗೆ ರಿಪೇರಿಯ ಕಾಲವೇ. ಆಗ ದೋಣಿ ರಿಪೇರಿ ಮಾಡುತ್ತಿದ್ದ ಮುದುಕರು ಬಣ್ಣದ ಡಬ್ಬಿ ತೆಗೆಯುವ ಮೊದಲು ಎಷ್ಟು ದಿನ ಬರೀ ಕೆರೆಯುತ್ತಿದ್ದರು! ಚಿಪ್ಪು ಕೆರೆದು, ಹಲಗೆ ಹಲಗೆಯ ಸಂದು ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಾದದ್ದನ್ನು ಕೊಯ್ದು ತೆಗೆದು, ಹೊಸ ತುಂಡು ಕೂರಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು. ಆ ಎಣ್ಣೆಯ ವಾಸನೆ ಮೂಗಿಗೆ ಬಂದರೆ ನನಗೆ ಈಗಲೂ ಶಾಲೆ ಶುರುವಾಗುವ ದಿನಗಳ ನೆನಪು. ಕಣ್ಣು, ಹೆಸರು, ಪಟ್ಟೆ ಎಲ್ಲ ಬರೆಯುವುದು ಕಟ್ಟಕಡೆಗೆ. ಆಚಾರ್ರು ಕೂತು ರನ್ನಿಂಗ್ ಬೋರ್ಡು ಕೊಯ್ಯುವುದನ್ನು ನೋಡುವಾಗ ನನಗೆ ಅದೇ ಹೊಳೆ ಬದಿ ಕಣ್ಣ ಮುಂದೆ ಬಂತು.

ಕೊನೆಗೆ ಮಾಡಿಸಿದ್ದು ಇಷ್ಟು. ಎರಡೂ ಬದಿಯ ರನ್ನಿಂಗ್ ಬೋರ್ಡು ಕೊಳೆತಷ್ಟು ಕೊಯ್ದು ಹೊಸ ತಗಡು. ಗ್ಯಾಸ್ ವೆಲ್ಡಿಂಗ್ ಬೇಡ ಅಂತ ಅವರೇ ಹೇಳಿದರು. ಇಷ್ಟು ತೆಳು ತಗಡಿಗೆ ಆ ಉರಿ ಹಿಡಿದರೆ ಸೊಟ್ಟಗಾಗುತ್ತದೆ, ಹಿಂಬದಿಯ ಬಣ್ಣವೂ ಸುಡುತ್ತದೆ. ಸಿಒಟು ವೆಲ್ಡಿಂಗಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹಿಡಿಸಿದರು. ಬ್ಯಾಟರಿ ಕೂರುವ ತಟ್ಟೆ ಆಸಿಡ್ಡಿಗೆ ತೂತಾಗಿತ್ತು, ಅದು ಬೇರೆ ಹಾಕಿದ್ದು. ಮುಂದಿನ ಎಡ ಮಡ್‌ಗಾರ್ಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುವಂಥದ್ದು, ಕುಟ್ಟಿ ಸರಿಮಾಡುವ ಕೂಲಿಗಿಂತ ಹೊಸದೇ ಅಗ್ಗ. ಬಾಗಿಲಿನ ಒಳಗೆ ಉಳಿದ ತುಕ್ಕಿಗೆ ಒಂದು ದ್ರಾವಣ ಹಚ್ಚಿದರು, ನೋಡ ನೋಡ ಕಪ್ಪಾಯಿತು. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುತ್ತದಲ್ಲ, ಅಡಿಕೆಯ ಚೊಗರು ತಾಗಿದ ಕಬ್ಬಿಣ ಕಪ್ಪಾಗುತ್ತದಲ್ಲ, ಇದರಲ್ಲೂ ಅಂಥದೇ ಒಗರಿನ ಅಂಶ ಇರುತ್ತದಂತೆ. ಅದು ತುಕ್ಕನ್ನು ಹಿಡಿದು ಕಟ್ಟಿಹಾಕುತ್ತದೆ.

ಇದಕ್ಕೆಲ್ಲ ಸೇರಿ 17,500. ಟಾಪಿಗೂ ಬಾನೆಟ್ಟಿಗೂ ಮಾತ್ರ ಬಣ್ಣ, ಅದನ್ನು ದೀಪಾವಳಿ ಕಳೆದ ಮೇಲೆ ಮಾಡುವ ಅಂದಿದ್ದಾರೆ. ಮಳೆಗಾಲದ ತೇವದಲ್ಲಿ ಹೊಡೆದರೆ ಹಬೆ ಒಳಗೆ ಸಿಕ್ಕಿ ಬಣ್ಣ ಹಾಲು ಹಾಲಾಗುತ್ತದೆ, ಕಂಪ್ರೆಸರಿನ ಗಾಳಿಯಲ್ಲೇ ನೀರು ಬರುತ್ತದೆ. ಬಾಗಿಲುಗಳಿಗೆ ಪಾಲಿಷ್ ಸಾಕು. ಹೊಸ ಮಡ್‌ಗಾರ್ಡು ಸದ್ಯಕ್ಕೆ ಪ್ರೈಮರಿನ ಬೂದು ಬಣ್ಣದಲ್ಲೇ ಉಂಟು, ನೀವು ನೋಡಿ ಕೇಳಿದ್ದೂ ಅದಕ್ಕೇ ಇರಬೇಕು, ಅಲ್ವಾ? ಪ್ರೈಮರು ಕೂಡ ನೀರು ಕುಡಿಯುತ್ತದೆ, ಹಾಗಾಗಿ ಮಳೆ ಬಂದರೆ ಕಾರು ಕೊಟ್ಟಿಗೆಯೊಳಗೆ.

ನಿನ್ನೆ ಸಂಜೆ ಬೇಸಗೆಯ ಮಳೆ ಒಂದು ಬಂತಲ್ಲ, ಕೊಟ್ಟಿಗೆಗೆ ಹಾಕುವಷ್ಟರಲ್ಲಿ ಚೆನ್ನಾಗಿ ನೆನೆಯಿತು. ಬಗ್ಗಿ ಬಾಗಿಲಿನ ಅಡಿ ನೋಡಿದೆ. ಮೂರೂ ಕಂಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ತಿಳಿ ನೀರು, ಕೆಂಪಿಲ್ಲ. ಎಷ್ಟೋ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ.

ಅಂದ ಹಾಗೆ, ನೀವು ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಂದದ್ದು, ಅದರ ಬಣ್ಣ ಅಷ್ಟು ಹೊಳೆಯುತ್ತದಲ್ಲ, ಅಡಿ ಯಾವತ್ತಾದರೂ ನೋಡಿದ್ದೀರಾ? ಆಚಾರ್ರು ಆ ಸ್ಪೀಕರಿನ ಆಯಸ್ಕಾಂತ ನನಗೇ ಕೊಟ್ಟಿದ್ದಾರೆ. ಚಾ ಕುಡಿದು ಬನ್ನಿ, ಬೆಳಕಿರುವಾಗಲೇ ಒಂದು ಸುತ್ತು ಹಿಡಿದು ನೋಡುವ.