ಹಗ್ಗಕ್ಕೇರಿದ ಜಿಪ್‌ಲಾಕ್

ಹೊರನಾಡ ಕನ್ನಡ ಮನೆಗಳಲ್ಲಿ ಈಗ ಆಸ್ತಿಗಾಗಿ ಜಗಳವಿಲ್ಲ, ಜಿಪ್‌ಲಾಕ್ ಚೀಲಕ್ಕಾಗಿ ಇದೆ. ಬಾಣಂತನಕ್ಕೆಂದು ರಾಣೇಬೆನ್ನೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿಯುವ ಅವ್ವನಿಗೆ ಬ್ಯಾಡಗಿ ಖಾರದ ಪುಡಿಯ ಚೀಲ ಖಾಲಿಯಾಗುವುದೇ ತಡ, ಅದನ್ನು ತಿರುವಿ ತೊಳೆದು, ಹಿತ್ತಲಲ್ಲಿ ಹಗ್ಗ ಬಿಗಿದು, ಎರಡು ಕ್ಲಿಪ್ಪು ಸಿಗಿಸಿ ಒಣಹಾಕುತ್ತಾಳೆ. ಪರಿಸರ ಉಳಿಸಿ ಎಂದು ಬರೆದ ಮಗ್ಗಿನಲ್ಲಿ ಕಾಫಿ ಕುಡಿಯುವ ಮಗಳು ಕಿಟಕಿಯಿಂದ ಅದನ್ನು ಕಂಡು ಹೌಹಾರುತ್ತಾಳೆ. 'ಅವ್ವಾ, ಆಜೂಬಾಜೂದವ್ರು ಏನಂದಾರು!' 'ಏನಂತಾರ? ಚೀಲ ತೊಳದಾಳ ಅಂತಾರ.' ಇಂಥ ಜಗಳದಲ್ಲಿ ಅವ್ವನನ್ನು ಹಳೇ ಕಾಲದವಳೆಂದೂ ಮಗಳನ್ನು ಪರಿಸರಪ್ರೇಮಿಯೆಂದೂ ವಿಂಗಡಿಸುವುದು ರೂಢಿ. ಲೆಕ್ಕ ಹಾಕಿದರೆ ಪಾತ್ರ ಅದಲುಬದಲಾಗುತ್ತದೆ. ಪೂರ್ತಿ ಅಲ್ಲ, ಬಹುಪಾಲು.

ಮೊದಲು ಆ ಚೀಲದ ವಿಚಾರ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ಹೆಸರಿರುವುದು ಖಾರಕ್ಕಲ್ಲ, ಬಣ್ಣಕ್ಕೆ. ಅದರ ಸಾರ ತೆಗೆದು ತಿಂಡಿಗೂ ಲಿಪ್‌ಸ್ಟಿಕ್ಕಿಗೂ ಬಣ್ಣವಾಗಿ ಬಳಸುತ್ತಾರೆ. ತುಟಿಯ ಮೇಲೆ ನಿಲ್ಲುವ ಬಣ್ಣ ಚೀಲವನ್ನು ಸುಮ್ಮನೆ ಬಿಟ್ಟೀತೆ? ಅದು ನೀರಿಗೆ ಕರಗುವುದಲ್ಲ, ಎಣ್ಣೆಗೆ ಕರಗುವುದು. ಪ್ಲಾಸ್ಟಿಕ್ಕಿನೊಳಕ್ಕೇ ಇಳಿದು ಕೂರುತ್ತದೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಕೆಂಪು ಕೆಂಪೇ. ಅದನ್ನು ಸೋಲಿಸಬಲ್ಲದ್ದು ಬಿಸಿಲು. ಅವ್ವನಿಗೆ ರಸಾಯನಶಾಸ್ತ್ರ ಬರುವುದಿಲ್ಲ, ಬಿಸಿಲು ಬರುತ್ತದೆ. ಹಾಗಾಗಿ ಚೀಲ ಕೆಂಪಿನಿಂದ ಕೇಸರಿಗೆ, ಕೇಸರಿಯಿಂದ ತಿಳಿಹಳದಿಗೆ ಇಳಿಯುತ್ತ ದಿನಗಟ್ಟಲೆ ಹಗ್ಗದ ಮೇಲೆ ಪಟಪಟಿಸುತ್ತದೆ. ಅಳಿಯ ಅದರ ಫೋಟೋ ತೆಗೆದು ಗೆಳೆಯರಿಗೆ ಕಳಿಸುತ್ತಾನೆ. ಅವರ ಮನೆಗಳಿಂದಲೂ ಒಂದೊಂದು ಹಗ್ಗದ ಫೋಟೋ ಬರುತ್ತದೆ. ಬಡಾವಣೆಯ ಸಂಘದ ನಿಯಮ ಹಿತ್ತಲಲ್ಲಿ ಏನನ್ನೂ ಒಣಹಾಕಬೇಡಿ ಎನ್ನುತ್ತದೆಂದು ಮಗಳ ತಕರಾರು. ಆದರೆ 2016ರಿಂದ ಕ್ಯಾಲಿಫೋರ್ನಿಯಾದ ಕಾನೂನೇ ಸ್ವಂತ ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಕ್ಕನ್ನು ಕಾಯುತ್ತಿದೆ. ಲುಂಗಿಗೆ ಸಿಕ್ಕ ಈ ಹಕ್ಕು ಜಿಪ್‌ಲಾಕಿಗೂ ಸಲ್ಲುತ್ತದೆಯೇ ಎಂಬುದನ್ನು ವಕೀಲರು ನೋಡಿಕೊಳ್ಳಲಿ.

ಇನ್ನು ಮಗಳ ಕಡೆಯ ಆಸ್ತಿ: ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಸಾವಯವ ಹತ್ತಿಯ ಕೈಚೀಲಗಳು. ಡೆನ್ಮಾರ್ಕಿನ ಪರಿಸರ ಸಂಸ್ಥೆ 2018ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಅಂಗಡಿಯ ಒಂದು ಮಾಮೂಲಿ ಪ್ಲಾಸ್ಟಿಕ್ ಚೀಲಕ್ಕೆ ಎಲ್ಲ ಬಗೆಯ ಪರಿಸರ ಹಾನಿಯಲ್ಲೂ ಸರಿಸಮನಾಗಬೇಕಾದರೆ ಸಾವಯವ ಹತ್ತಿಯ ಚೀಲವನ್ನು 20,000 ಸಲ ಬಳಸಬೇಕು. ದಿನಕ್ಕೊಮ್ಮೆ ಎಂದರೂ ಸುಮಾರು 55 ವರ್ಷ. ಮೊಳೆಯಲ್ಲಿ ಹತ್ತು ಚೀಲವಿದ್ದರೆ 550 ವರ್ಷ. ಅಂದರೆ ಹಾವೇರಿ ಸೀಮೆಯ ಬಾಡದಲ್ಲಿ ಕನಕದಾಸರು ಹುಟ್ಟುವುದಕ್ಕೂ ಮುಂಚೆಯೇ ಮಗಳು ಸಂತೆಗೆ ಹೊರಟಿರಬೇಕಿತ್ತು. ಹವಾಮಾನವೊಂದನ್ನೇ ನೋಡುವುದಾದರೆ 149 ಸಲ ಸಾಕು ಎಂದೂ ಅದೇ ಅಧ್ಯಯನ ಹೇಳುತ್ತದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಪ್ರತಿ ಸಮಾರಂಭಕ್ಕೊಂದು ಹೊಸ ಚೀಲ ಮನೆಗೆ ಬರುತ್ತಿದ್ದರೆ ಯಾವ ಚೀಲ 149 ಮುಟ್ಟೀತು? ಹತ್ತಿಗೆ ಎಷ್ಟು ಗೊಬ್ಬರ, ಎಷ್ಟು ಸಲ ಔಷಧಿ ಹೊಡೆಯಬೇಕೆಂಬುದು ರಾಣೇಬೆನ್ನೂರು ಕಡೆಯ ರೈತರಿಗೆ ಡೆನ್ಮಾರ್ಕಿನವರು ಹೇಳಿಕೊಡಬೇಕಾದ್ದಲ್ಲ. ಸಾವಯವಕ್ಕೆ ರಾಸಾಯನಿಕದ ಖರ್ಚಿಲ್ಲದಿದ್ದರೂ ಇಳುವರಿ ಕಡಿಮೆ, ಅಷ್ಟೇ ಅರಳೆಗೆ ಹೆಚ್ಚು ಹೊಲ ಬೇಕು. ಸಮುದ್ರ ಸೇರುವ ಪ್ಲಾಸ್ಟಿಕ್ ಕಸವನ್ನು ಆ ಅಧ್ಯಯನ ಲೆಕ್ಕಕ್ಕೆ ಹಿಡಿದಿಲ್ಲವಲ್ಲ ಎಂದು ಮಗಳು ಕೇಳಬಹುದು. ನಿಜ, ಹಿಡಿದಿಲ್ಲ. ಆದರೆ ಅವ್ವನ ಚೀಲ ಸಮುದ್ರಕ್ಕೆ ಹೋಗುವುದೆಲ್ಲಿಂದ ಬಂತು, ಅದಿನ್ನೂ ಹಗ್ಗದ ಮೇಲಿದೆ.

ಅವ್ವ ಸೋಲುವ ಜಾಗವೂ ಇದೆ: ಡಿಶ್‌ವಾಷರ್. ಹೊರನಾಡ ಕನ್ನಡ ಮನೆಯಲ್ಲಿ ಅದು ಯಂತ್ರವಲ್ಲ, ಪಾತ್ರೆಗಳ ಕಪಾಟು. ಕೈಯಲ್ಲಿ ತೊಳೆದ ಕುಕ್ಕರು, ತಾಟು, ವಾಟಿ ಎಲ್ಲ ಅದರೊಳಗೆ ಸುಖವಾಗಿ ಒಣಗುತ್ತವೆ. ಯಂತ್ರಕ್ಕೆ ನೀರು ಹೆಚ್ಚು ಬೇಕೆಂಬುದು ಅವ್ವನ ಅಚಲ ನಂಬಿಕೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದವರು ಯುರೋಪಿನ ಹಲವು ದೇಶದವರ ಕೈಗೆ ಹನ್ನೆರಡು ಜನರ ಊಟದ ಪಾತ್ರೆ ಕೊಟ್ಟು ತೊಳೆಸಿದಾಗ, ಒಬ್ಬೊಬ್ಬರು ಸರಾಸರಿ 100 ಲೀಟರಿಗೂ ಹೆಚ್ಚು ನೀರು ಸುರಿದರು. ಯಂತ್ರ ಅದರ ಸಣ್ಣ ಪಾಲಿನಲ್ಲಿ ಕೆಲಸ ಮುಗಿಸಿತು. ಊರಲ್ಲಿ ಬೋಗುಣಿಯಲ್ಲಿ ನೀರಿಟ್ಟುಕೊಂಡು ತಿಕ್ಕುತ್ತಿದ್ದವಳಾದರೆ ಅವ್ವ ಗೆಲ್ಲುತ್ತಿದ್ದಳೇನೋ. ಇಲ್ಲಿ ತಿರುವಿದರೆ ಬಿಸಿನೀರು ಬರುವ ನಲ್ಲಿ ಅವಳನ್ನೂ ಕೆಡಿಸಿದೆ. ಖಾಲಿಯಾದ ಮೊಸರಿನ ಡಬ್ಬಿಗಳನ್ನು ಗೋಪುರ ಕಟ್ಟಿ ಪೇರಿಸಿಡುವುದನ್ನೂ ಮಿತವ್ಯಯವೆನ್ನಲಾಗದು, ಅದು ಸಂಗ್ರಹಾಲಯ. ಅಪ್ಪನ ಬಗ್ಗೆ ಹೆಚ್ಚು ಹೇಳುವುದು ಬೇಡ. ಉರಿಯುವ ದೀಪಗಳನ್ನೆಲ್ಲ ಆರಿಸುತ್ತ ಬಂದು ವೈಫೈ ಪೆಟ್ಟಿಗೆಯ ಹಸಿರು ದೀಪವನ್ನೂ ಆರಿಸಿ ಅಳಿಯನ ಮೀಟಿಂಗಿಗೆ ಮಂಗಳ ಹಾಡುವುದು ಅಪ್ಪಂದಿರ ಜಾತಿಗುಣ.

ಮಗಳ ಕಡೆಯ ದೊಡ್ಡ ಬಾಣ ಬೇರೆಯಿದೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್. ಹೋಗಿಬರುವ ಒಂದು ಸೀಟಿನ ಪಾಲಿಗೆ ಟನ್ನಿಗೂ ಮಿಕ್ಕಿದ ಇಂಗಾಲದ ಹೊಗೆ. ಜಿಪ್‌ಲಾಕ್ ಒಂದರ ತೂಕ ಹತ್ತು ಗ್ರಾಮಿನ ಆಸುಪಾಸು. ಆಯುಷ್ಯವಿಡೀ ಚೀಲ ತೊಳೆದರೂ ಆ ಹೊಗೆ ಸರಿದೂಗದು. ಗಣಿತದಲ್ಲಿ ತಪ್ಪಿಲ್ಲ, ಆದರೆ ಟಿಕೆಟ್ ತೆಗೆಸಿದ್ದು ಅವ್ವನಲ್ಲ. 'ನೀ ಬರಾಕಬೇಕು' ಎಂದು ಫೋನಿನಲ್ಲಿ ಅತ್ತವಳ ಹೆಸರಿಗೆ ಆ ಹೊಗೆ ಜಮಾ ಆಗಬೇಕು. ಅದೂ ಅಲ್ಲದೆ ಆ ವಿಮಾನದಲ್ಲಿ ಬಂದ ಸೂಟ್‌ಕೇಸಿನ ತಳದಲ್ಲಿ ಒಂದು ಕೌದಿ ಇರುತ್ತದೆ, ಮಗಳು ಸಣ್ಣವಳಿದ್ದಾಗ ಹಾಕಿದ ಪರಕಾರದ ತೇಪೆಗಳನ್ನು ಕೂಡಿಸಿ ಹೊಲಿದದ್ದು. ಅದರ ಪಕ್ಕದಲ್ಲಿ ಹಳೇ ಸೀರೆ ಹರಿದು ಚೌಕ ಮಡಚಿದ ಅರಿವೆಗಳು. ಅವೂ ಹತ್ತಿಯವೇ, ಆದರೆ ಅವುಗಳ ಸಲವನ್ನು ಎಣಿಸುವುದು ಡೆನ್ಮಾರ್ಕಿನವರ ಕೈಲಾಗದ ಕೆಲಸ: ಸೀರೆಯಾಗಿ, ತೊಟ್ಟಿಲ ಜೋಳಿಗೆಯಾಗಿ, ಕೂಸಿನ ಬಟ್ಟೆಯಾಗಿ, ಕಡೆಗೆ ಒಲೆಕಟ್ಟೆ ಒರೆಸುವ ಮಸಿಅರಿವೆಯಾಗಿ. ಮಗಳು ಅಷ್ಟರಲ್ಲಾಗಲೇ ಬಿದಿರಿನ ನಾರಿನ, ಗುಂಡಿಯಿಟ್ಟ, ತೊಳೆದು ಬಳಸುವ ಡೈಪರಿನ ದುಬಾರಿ ಪೆಟ್ಟಿಗೆಯೊಂದನ್ನು ತರಿಸಿಟ್ಟಿರುತ್ತಾಳೆ. ಮೊಮ್ಮಗನಿಗೆ ಇದರಲ್ಲಿ ಪಕ್ಷಪಾತವಿಲ್ಲ, ಎರಡನ್ನೂ ಸಮನಾಗಿ ತೋಯಿಸುತ್ತಾನೆ.